ಪ್ಯಾರಿಸ್‌ನಲ್ಲಿ ಹಾಡಿದ್ದು, ಹೊರಬಂದದ್ದು 34 ವರ್ಷಕ್ಕೆ

ಪ್ರಶ್ನೆ: ದಕ್ಷಿಣ ಆಫ್ರಿಕಾದ ಜಾಝ್ ಗಾಯಕಿ ಸತೀಮಾ ಬೀ ಬೆಂಜಮಿನ್ ಅವರ ಹಾಡು ಮೊನ್ನೆ ಕೇಳಿದೆ, ಮೈ ಜುಮ್ಮೆಂದಿತು. ಅಮೆರಿಕದ ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ಅವರೇ ಪ್ಯಾರಿಸ್‌ಗೆ ಕರೆಸಿ ಹಾಡಿಸಿದರಂತೆ. ಆದರೂ ಇವರ ಹೆಸರು ಜಾಸ್ತಿ ಜನಕ್ಕೆ ಯಾಕೆ ಗೊತ್ತಿಲ್ಲ?
- ಓದುಗರೊಬ್ಬರು, ಧಾರವಾಡ

ಉತ್ತರ: ಕರೆಸಿ ಹಾಡಿಸಿದ್ದು ನಿಜ. ಆದರೆ ಆ ರೆಕಾರ್ಡ್ ಜನರ ಕೈಗೆ ಬಂದದ್ದು 34 ವರ್ಷ ಕಳೆದ ಮೇಲೆ.

ಸತೀಮಾ 1962ರಲ್ಲಿ ಕೇಪ್ ಟೌನ್ ಬಿಟ್ಟು ಯುರೋಪಿಗೆ ಹೋದರು. ಊರಲ್ಲಿ ವರ್ಣಭೇದದ ಆಡಳಿತ, ಕಲಾವಿದರಿಗೆ ಉಸಿರು ಕಟ್ಟುವ ಕಾಲ. ಜೊತೆಗಿದ್ದವರು ಪಿಯಾನೊ ವಾದಕ ಡಾಲರ್ ಬ್ರ್ಯಾಂಡ್, ಮುಂದೆ ಅಬ್ದುಲ್ಲಾ ಇಬ್ರಾಹಿಂ ಎಂದು ಹೆಸರಾದವರು. ಎಲಿಂಗ್ಟನ್ ಜ್ಯೂರಿಕ್‌ಗೆ ಬಂದಾಗ ಈಕೆ ಸೀದಾ ಹೋಗಿ, ಆಫ್ರಿಕಾನಾ ಕ್ಲಬ್ಬಿಗೆ ಬಂದು ಬ್ರ್ಯಾಂಡ್ ಅವರ ಪಿಯಾನೊ ಕೇಳಿ ಅಂತ ಕರೆದುತಂದರು. ತನಗೋಸ್ಕರ ಕೇಳಲಿಲ್ಲ ನೋಡಿ, ನನಗೆ ಅದೇ ತುಂಬಾ ಇಷ್ಟ. ಎಲಿಂಗ್ಟನ್ ಬಂದರು, ಪಿಯಾನೊ ಕೇಳಿದರು, ಆಮೇಲೆ ನೀವೂ ಹಾಡಿ ಅಂದರು.

ಕೆಲವೇ ದಿನದಲ್ಲಿ, 1963ರ ಫೆಬ್ರವರಿಯಲ್ಲಿ, ಪ್ಯಾರಿಸ್‌ನ ಸ್ಟುಡಿಯೊದಲ್ಲಿ ರೆಕಾರ್ಡಿಂಗ್ ನಡೆಯಿತು. ಕೆಲವು ಹಾಡಿಗೆ ಎಲಿಂಗ್ಟನ್, ಅವರ ಸಂಗೀತದ ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನ್ ತಾವೇ ಪಿಯಾನೊಗೆ ಕೂತರು. ಡೆನ್ಮಾರ್ಕಿನ ಸ್ವೆಂಡ್ ಆಸ್ಮುಸೆನ್ ಕಮಾನು ಬದಿಗಿಟ್ಟು ಬೆರಳಲ್ಲೇ ಪಿಟೀಲು ಮೀಟಿದರು. ಆ ಮೀಟಿನ ಮೇಲೆ ಸತೀಮಾ ದನಿ ಅವಸರವೇ ಇಲ್ಲದೆ ತೇಲುತ್ತೆ, ಒಂದೊಂದು ಪದವನ್ನೂ ಬಾಯಲ್ಲಿಟ್ಟು ಕರಗಿಸಿದ ಹಾಗೆ. ಆಗ ಅಲ್ಲೇ ಮಾಡಿದ ಬ್ರ್ಯಾಂಡ್ ಅವರ ರೆಕಾರ್ಡ್ ಬಿಡುಗಡೆಯಾಯಿತು. ಇವರದು ಆಗಲೇ ಇಲ್ಲ. ಅಲ್ಲಿಗೆ ಎಲ್ಲ ಮುಗಿಯಿತು ಅಂತಲೇ ಅಂದುಕೊಂಡಿದ್ದರು, ಆದರೆ ಸ್ಟುಡಿಯೊದ ಎಂಜಿನಿಯರ್ ಗೆರ್ಹಾರ್ಡ್ ಲೆಹ್ನರ್ ಒಂದು ಪ್ರತಿ ಜೋಪಾನವಾಗಿ ಇಟ್ಟುಕೊಂಡಿದ್ದರು, ಅದೇ 1997ರಲ್ಲಿ ಹೊರಬಂತು.

ಕೈಗೆ ಬಂದ ಅವಕಾಶ ತಪ್ಪಿದ ಕಥೆಯಾಗಿ ಮಾತ್ರ ಇದನ್ನು ಹೇಳಿದರೆ ನನಗೆ ಬೇಜಾರಾಗುತ್ತೆ. 1965ರಲ್ಲಿ ಬ್ರ್ಯಾಂಡ್ ಜೊತೆ ಮದುವೆ, ಆಮೇಲೆ ಇಬ್ಬರು ಮಕ್ಕಳು, 1977ರಲ್ಲಿ ನ್ಯೂಯಾರ್ಕಿನ ಚೆಲ್ಸಿ ಹೋಟೆಲ್‌ನಲ್ಲಿ ಸಂಸಾರ. ಇಷ್ಟರ ನಡುವೆ 1979ರಲ್ಲಿ ಸತೀಮಾ ಸ್ವಂತ ರೆಕಾರ್ಡ್ ಕಂಪನಿ ಶುರು ಮಾಡಿದರು. ಹೆಸರು ಎಕಾಪಾ, ಅಂದರೆ ಷೋಸಾ ಭಾಷೆಯಲ್ಲಿ ಕೇಪ್ ಟೌನ್. ಇನ್ನು ಮೇಲೆ ಯಾವ ಟೇಪು ಹೊರಬರಬೇಕು ಅನ್ನೋದನ್ನ ತೀರ್ಮಾನ ಮಾಡೋದು ತಾವೇ! ಮಂಡೇಲಾ ಇನ್ನೂ ಜೈಲಿನಲ್ಲಿದ್ದಾಗ ತವರಿನ ಬಿಡುಗಡೆಗಾಗಿ ಹಾಡು ಕಟ್ಟಿ ಹಾಡಿದ್ದೂ ಇಲ್ಲೇ.

2011ರಲ್ಲಿ ಕೇಪ್ ಟೌನ್‌ಗೆ ವಾಪಸ್ ಬಂದರು, 2013ರಲ್ಲಿ ಅಲ್ಲೇ ತೀರಿಕೊಂಡರು. ಪ್ಯಾರಿಸ್ ಹಾಡುಗಳನ್ನು ನೀವು ಕೇಳಿ ಆಗಿದ್ದರೆ, ಮುಂದೆ ಎಕಾಪಾ ಕಾಲದ ರೆಕಾರ್ಡ್ ಹುಡುಕಿ. ಅದೇ ದನಿ, ಆದರೆ ಅಷ್ಟು ವರ್ಷ ಬಾಳಿ ಬಂದ ದನಿ.