ಗರ್ಭಕೋಶದ ಆಪರೇಷನ್: ಬೆನ್ನಿಗೆ ಇಂಜೆಕ್ಷನ್ನೋ, ಪೂರ್ಣ ಅರಿವಳಿಕೆಯೋ?

ಪ್ರಶ್ನೆ: ನನಗೆ 54 ವರ್ಷ. ಗರ್ಭಕೋಶ ಜಾರಿದೆ, ಯೋನಿಮಾರ್ಗವಾಗಿ ತೆಗೆಯಬೇಕು ಎಂದಿದ್ದಾರೆ. ಬೆನ್ನಿಗೆ ಇಂಜೆಕ್ಷನ್ ಸಾಕಂತೆ. ಅದರಿಂದ ಜನ್ಮಪೂರ್ತಿ ಬೆನ್ನುನೋವು ಎಂದು ಅಕ್ಕ ಹೆದರಿಸುತ್ತಿದ್ದಾರೆ. ಪೂರ್ಣ ಅರಿವಳಿಕೆಯನ್ನೇ ಕೇಳಲೇ?

ಉತ್ತರ: ಬೆನ್ನುನೋವಿನ ಭಯಕ್ಕಾಗಿ ಕೇಳಬೇಡಿ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಆದರೆ ವರ್ಷಗಟ್ಟಲೆ ಕಾಡುವ ಬೆನ್ನುನೋವನ್ನು ಈ ಸೂಜಿಯ ಮೇಲೆ ಹಾಕುವುದು ಸರಿಯಲ್ಲ. ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ 1-2ನೇ ಮೂಳೆಯ ಮಟ್ಟಕ್ಕೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕೂ ಕೆಳಗೆ, 3-4 ಅಥವಾ 4-5ನೇ ಮೂಳೆಗಳ ನಡುವೆ. ಅಲ್ಲಿ ನರಗಳ ಸುತ್ತ ಇರುವ ದ್ರವಕ್ಕೆ ಜೋಮು ಹಿಡಿಸುವ ಬುಪಿವಕೇನ್ ಮದ್ದು ಸುಮಾರು 2.5ರಿಂದ 3 ಮಿ.ಲೀ. ಸೇರಿಸುತ್ತಾರೆ. ಮೊದಲು ಕಾಲು ಬೆಚ್ಚಗಾಗಿ, ಆಮೇಲೆ ಎತ್ತಲಾಗದಷ್ಟು ಭಾರವಾಗುತ್ತದೆ. ಮುಟ್ಟಿದ್ದು, ಎಳೆದದ್ದು ತಿಳಿಯಬಹುದು, ನೋವು ತಿಳಿಯಬಾರದು. ಗರ್ಭಕೋಶವನ್ನು ಕೆಳಗೆಳೆಯುವಾಗ ಮೇಲಿನ ನರಗಳೂ ಸ್ಪಂದಿಸುವುದರಿಂದ ಜೋಮು ಹೊಕ್ಕುಳಿನಿಂದ ಮೇಲಕ್ಕೂ ಏರಿರಬೇಕು. ಏರದಿದ್ದರೆ ಹೊಟ್ಟೆಯೊಳಗೆ ಹಿಂಡಿದಂತಾಗುತ್ತದೆ. ಸಹಿಸಿಕೊಂಡು ಮಲಗಬೇಡಿ, ಕೂಡಲೇ ಹೇಳಿ.

ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳಿಗೂ ಜೋಮು ಹಿಡಿಯುವುದರಿಂದ ಬಿ.ಪಿ. ಇಳಿಯುತ್ತದೆ. ವಾಕರಿಕೆ ಎಷ್ಟೋ ಸಲ ಅದರ ಮೊದಲ ಸೂಚನೆ. ಡ್ರಿಪ್ ಮತ್ತು ಮದ್ದಿನಿಂದ ಬೇಗ ಸರಿಪಡಿಸಬಹುದು. ಇನ್ನೊಂದು ತೊಂದರೆ ತಲೆನೋವು: ಎದ್ದು ಕೂತರೆ ಸಿಡಿಯುವುದು, ಮಲಗಿದರೆ ತಗ್ಗುವುದು. ಸೂಜಿಯ ತೂತಿನಿಂದ ದ್ರವ ಸೋರುವುದು ಇದಕ್ಕೆ ಕಾರಣ. ಪೆನ್ಸಿಲ್ ಮೊನೆಯಂಥ ತೆಳು ಸೂಜಿ ಬಳಸಿದರೆ ಇದು ಅಪರೂಪ. ಬಂದರೆ ಮನೆಯಲ್ಲೇ ನರಳದೆ ವೈದ್ಯರಿಗೆ ತಿಳಿಸಿ. ಬಿಡದೆ ಕಾಡಿದರೆ ನಿಮ್ಮದೇ ರಕ್ತವನ್ನು ಅಲ್ಲಿಗೆ ಚುಚ್ಚಿ ಸೋರಿಕೆ ನಿಲ್ಲಿಸುತ್ತಾರೆ.

ಲ್ಯಾಪರೋಸ್ಕೋಪಿಯಾಗಿದ್ದರೆ (ಹೊಟ್ಟೆಗೆ ಸಣ್ಣ ತೂತು ಹಾಕಿ, ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್) ಮಾತು ಬೇರೆ. ಹೊಟ್ಟೆಗೆ ಗ್ಯಾಸ್ ತುಂಬಿ, ತಲೆ ತಗ್ಗಿಸಿ ಮಲಗಿಸುತ್ತಾರೆ. ಎಚ್ಚರವಿದ್ದವರಿಗೆ ಉಸಿರಾಟ ಕಷ್ಟ, ಭುಜವೂ ನೋಯುತ್ತದೆ. ಅದಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಟ್ಟು, ಗಂಟಲಿಗೆ ನಳಿಕೆ ಇಟ್ಟು, ಯಂತ್ರದಿಂದ ಉಸಿರಾಡಿಸುತ್ತಾರೆ. ಎದ್ದ ಮೇಲೆ ಗಂಟಲು ಕೆರೆತ, ವಾಂತಿ ಇರಬಹುದು. ವಾಂತಿ ಹೆಂಗಸರಲ್ಲಿ ಹೆಚ್ಚು.

ನಿಮ್ಮ ಆಪರೇಷನ್ನಿಗೆ ಬೆನ್ನಿನ ಇಂಜೆಕ್ಷನ್ ಒಳ್ಳೆಯ ಆಯ್ಕೆಯೇ. ಆದರೆ ರಕ್ತ ತೆಳುವಾಗಿಸುವ ಮಾತ್ರೆ, ಕಡಿಮೆ ಪ್ಲೇಟ್‌ಲೆಟ್, ಹೃದಯದ ಕವಾಟ ಕಿರಿದಾಗಿರುವುದು, ಬೆನ್ನಿನ ಮೇಲೆ ಸೋಂಕು, ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಆಪರೇಷನ್ ಹೊತ್ತಿಗೆ ಲಘು ಆಹಾರ ತಿಂದು 6 ಗಂಟೆ, ನೀರು ಕುಡಿದು 2 ಗಂಟೆ ಆಗಿರಬೇಕು. ಜೋಮು ಸಾಲದಿದ್ದರೆ ಪೂರ್ಣ ಅರಿವಳಿಕೆಗೆ ಹೋಗಬೇಕಾಗುವುದರಿಂದ ಈ ನಿಯಮ ಎರಡಕ್ಕೂ ಒಂದೇ.

ಪ್ರಶ್ನೆ: ಎಚ್ಚರವಾಗಿದ್ದು ಎಲ್ಲವನ್ನೂ ನೋಡಬೇಕೇ?

ಉತ್ತರ: ಇಲ್ಲ. ಎದೆಯ ಮುಂದೆ ಬಟ್ಟೆಯ ಮರೆ ಇರುತ್ತದೆ. ಗಾಬರಿಯಾದರೆ ಮಂಪರು ಬರುವ ಮದ್ದನ್ನು ಡ್ರಿಪ್ ಮೂಲಕ ಕೊಡುತ್ತಾರೆ, ಕೇಳಿ ಪಡೆಯಿರಿ.