ಲ್ಯಾಬ್ ಬಿಟ್ಟದ್ದು ನಷ್ಟವೇ?

ಪ್ರಿಯ ಓದುಗರೇ,

ಶರ್ಲಿ ಟಿಲ್ಗ್‌ಮನ್ ಕುರಿತ ನಮ್ಮ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಅಷ್ಟು ಒಳ್ಳೆಯ ಜೀವವಿಜ್ಞಾನಿ 2001ರಿಂದ 2013ರವರೆಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಕ್ಷೆಯಾಗಿ ಫೈಲು, ಮೀಟಿಂಗುಗಳಲ್ಲೇ ಕಳೆದರು, ವಿಜ್ಞಾನಕ್ಕೆ ಇದು ನಷ್ಟ ಅಲ್ವಾ ಎಂದು ಕೇಳಿದ್ದೀರಿ.

ನಷ್ಟ ಹೌದು. ಕೆನಡಾದಲ್ಲಿ ಹುಟ್ಟಿ, ಕೆಮಿಸ್ಟ್ರಿ ಓದಿ, ಎರಡು ವರ್ಷ ಸಿಯೆರಾ ಲಿಯೋನ್‌ನಲ್ಲಿ ಶಾಲಾ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಅಮೆರಿಕಕ್ಕೆ ಬಂದವರು ಅವರು. ಸಸ್ತನಿಯೊಂದರ ಜೀನನ್ನು ಮೊದಲ ಸಲ ಕ್ಲೋನ್ ಮಾಡಿದ, ಅಂದರೆ ಬೇರ್ಪಡಿಸಿ ನಕಲು ತೆಗೆದ, ತಂಡದಲ್ಲಿದ್ದರು. 1991ರಲ್ಲಿ ಅವರ ಲ್ಯಾಬ್ ಇಲಿಯ ಎಚ್19 ಜೀನ್ ಬಗ್ಗೆ ತೋರಿಸಿದ್ದು ನನಗೆ ಇನ್ನೂ ಸೊಗಸೆನಿಸುತ್ತದೆ. ಆ ಜೀನಿನ ಎರಡು ನಕಲುಗಳಲ್ಲಿ ತಾಯಿಯಿಂದ ಬಂದದ್ದು ಕೆಲಸ ಮಾಡುತ್ತದೆ, ತಂದೆಯಿಂದ ಬಂದದ್ದು ಸುಮ್ಮನಿರುತ್ತದೆ. ಯಾವ ಜೀನ್ ಅನ್ನುವುದಷ್ಟೇ ಅಲ್ಲ, ಯಾರಿಂದ ಬಂತು ಅನ್ನುವುದೂ ಮುಖ್ಯ ಎಂದಾಯಿತು. ಇಂಥವರು ಲ್ಯಾಬ್‌ನಿಂದ ದೂರವಾದರೆ ಬೇಸರ ಆಗದಿರುತ್ತದೆಯೇ?

ಆದರೆ ಅವರು ಪದವಿ ಹುಡುಕಿಕೊಂಡು ಹೋದವರಲ್ಲ. ಹೊಸ ಅಧ್ಯಕ್ಷರನ್ನು ಹುಡುಕುವ ಸಮಿತಿಯ ಸದಸ್ಯೆಯಾಗಿದ್ದರು, ಕೊನೆಗೆ ಆಯ್ಕೆ ಅವರ ಮೇಲೇ ಬಿತ್ತು. ಅದಕ್ಕೂ ಮೊದಲೇ ಎಳೆಯ ವಿಜ್ಞಾನಿಗಳ ಪಾಡು ಅವರನ್ನು ಕಾಡುತ್ತಿತ್ತು. ಅವರ ನೇತೃತ್ವದ ಸಮಿತಿಯೊಂದು 1998ರಲ್ಲಿ, ಜೀವವಿಜ್ಞಾನದಲ್ಲಿ ಪಿಎಚ್‌ಡಿಗೆ ಸೇರುವವರ ಸಂಖ್ಯೆಯನ್ನು ಇದೇ ವೇಗದಲ್ಲಿ ಬೆಳೆಸಬೇಡಿ ಎಂದಿತು. ಓದಿ ಮುಗಿಸಿದವರಿಗೆ ಸ್ವಂತ ಲ್ಯಾಬ್ ಸಿಗದೆ, ಇನ್ನೊಬ್ಬರ ಲ್ಯಾಬ್‌ನಲ್ಲಿ ತಾತ್ಕಾಲಿಕವಾಗಿ ದುಡಿಯುವ ಪೋಸ್ಟ್‌ಡಾಕ್ ಆಗಿಯೇ ವರ್ಷಗಳು ಸವೆಯುತ್ತಿದ್ದವು. ಆ ದುಡಿಮೆಯ ಮೇಲೆಯೇ ನಿಂತಿದ್ದ ಲ್ಯಾಬ್‌ಗಳಿಗೆ ಇದು ಹಿತವಾದ ಮಾತಾಗಿರಲಿಲ್ಲ. ಸ್ವತಃ ದೊಡ್ಡ ಲ್ಯಾಬ್ ನಡೆಸುತ್ತಿದ್ದವರು ಹೇಳಿದ್ದರಿಂದಲೇ ಅದಕ್ಕೆ ತೂಕ.

ಅಧ್ಯಕ್ಷೆಯಾದ ಮೇಲೆ ಮಾಡಿದ ಒಂದು ಕೆಲಸವನ್ನಂತೂ ಹೇಳಲೇಬೇಕು. ನೌಕರಿ ಖಾಯಂ ಆಗಲು ಯುವ ಪ್ರಾಧ್ಯಾಪಕರಿಗೆ ಒಂದು ಗಡುವು ಇರುತ್ತದೆ. ಮಕ್ಕಳಾಗುವ ವಯಸ್ಸೂ ಅದೇ. ಇಬ್ಬರು ಮಕ್ಕಳನ್ನು ಬೆಳೆಸಿದ ಟಿಲ್ಗ್‌ಮನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಮಗು ಬಂದರೆ ಒಂದು ವರ್ಷ ಹೆಚ್ಚುವರಿ ಕೇಳಬಹುದು ಎಂಬ ನಿಯಮ ಮೊದಲೇ ಇತ್ತು. ಕೇಳಿದರೆ ಇವರಿಗೆ ಕೆಲಸದ ಮೇಲೆ ಗಮನವಿಲ್ಲ ಅಂದುಕೊಳ್ಳುತ್ತಾರೋ ಎಂಬ ಅಂಜಿಕೆ. 2005ರಲ್ಲಿ ಪ್ರಿನ್ಸ್‌ಟನ್ ಆ ವರ್ಷವನ್ನು ತಾಯಿಗೂ ತಂದೆಗೂ ತಾನಾಗಿಯೇ ಸಿಗುವಂತೆ ಮಾಡಿತು. ಕೇಳುವ ಪ್ರಶ್ನೆಯೇ ಇಲ್ಲ. ನಿಯಮ ಕಾಗದದ ಮೇಲೆ ಸರಿಯಿದ್ದರೆ ಸಾಲದು, ಜನ ಅದನ್ನು ಬಳಸುತ್ತಿದ್ದಾರೆಯೇ ಎಂದು ನೋಡುವ ಈ ಬುದ್ಧಿ ಲ್ಯಾಬ್‌ನಲ್ಲಿ ಪಳಗಿದ್ದು ಎಂದೇ ನಾನು ನಂಬುತ್ತೇನೆ.

ಆ 12 ವರ್ಷಗಳಲ್ಲಿ ಅವರ ಕೈಯಿಂದ ಇನ್ನೊಂದು ಎಚ್19 ಬರಬಹುದಿತ್ತೇನೋ. ಆದರೆ ಹೆದರದೆ ಮಗುವನ್ನೂ ಲ್ಯಾಬನ್ನೂ ಉಳಿಸಿಕೊಂಡವರ ಸಂಶೋಧನೆಯನ್ನು ಯಾವ ಲೆಕ್ಕಕ್ಕೆ ಹಾಕೋಣ? ನಾನಂತೂ ಅದನ್ನು ಟಿಲ್ಗ್‌ಮನ್ ಅವರ ಲೆಕ್ಕಕ್ಕೂ ಸೇರಿಸುತ್ತೇನೆ.

ಅಧಿಕಾರ ಬಿಟ್ಟ ಮರುವರ್ಷ, 2014ರಲ್ಲಿ, ವಿಜ್ಞಾನಿಗಳಾದ ಬ್ರೂಸ್ ಆಲ್ಬರ್ಟ್ಸ್, ಮಾರ್ಕ್ ಕಿರ್ಶ್ನರ್, ಹೆರಾಲ್ಡ್ ವಾರ್ಮಸ್ ಜೊತೆ ಅವರು ಬರೆದ ಲೇಖನದಲ್ಲೂ ಅದೇ ಕಾಳಜಿ ಇದೆ: ಇರುವ ಹಣಕ್ಕಿಂತ ಕಾದು ನಿಂತ ವಿಜ್ಞಾನಿಗಳು ಜಾಸ್ತಿ, ಹಾಗಾಗಿ ಯಾರೂ ಹೊಸ ಸಾಹಸಕ್ಕೆ ಕೈಹಾಕುತ್ತಿಲ್ಲ.

— ಸಂಪಾದಕ