ಮೂರನೇ ಸ್ಥಾನದವರು ಉಳಿದು ಐದನೆಯವರು ಹೋದದ್ದು ಹೇಗೆ?

2013ರಲ್ಲಿ ಮೂರನೇ ಸ್ಥಾನದ ವಾಟ್‌ಫರ್ಡ್ ಬಿಟ್ಟು ಐದನೇ ಸ್ಥಾನದ ಕ್ರಿಸ್ಟಲ್ ಪ್ಯಾಲೇಸ್ ಹೇಗೆ ಇಂಗ್ಲೆಂಡ್ ಫುಟ್‌ಬಾಲ್‌ನ ಅತಿ ಮೇಲಿನ ಪ್ರೀಮಿಯರ್ ಲೀಗ್‌ಗೆ ಹೋಯಿತು ಅಂತ ಕೇಳಿದ್ದೀರಿ. ಆಗ ಅದರ ಕೆಳಗಿನ ಲೀಗ್ ಚಾಂಪಿಯನ್‌ಶಿಪ್‌ನ ಮೊದಲ ಇಬ್ಬರು, ಕಾರ್ಡಿಫ್ ಮತ್ತು ಹಲ್, ನೇರವಾಗಿ ಮೇಲೆ ಹೋದರು. ಉಳಿದ ಒಂದು ಜಾಗಕ್ಕೆ ಮೂರರಿಂದ ಆರನೇ ಸ್ಥಾನದವರ ಪ್ಲೇ-ಆಫ್. ಸೆಮಿಫೈನಲ್‌ನಲ್ಲಿ ಮೂರನೆಯವರಿಗೆ ಆರನೆಯವರು, ನಾಲ್ಕನೆಯವರಿಗೆ ಐದನೆಯವರು ಎದುರಾಳಿ; ಮನೆಯಲ್ಲೊಂದು, ಹೊರಗೊಂದು ಪಂದ್ಯ, ಗೋಲು ಒಟ್ಟು ಲೆಕ್ಕ. ಫೈನಲ್ ಮಾತ್ರ ವೆಂಬ್ಲಿಯಲ್ಲಿ ಒಂದೇ ಪಂದ್ಯ.

ಲೀಗ್ ಅಂಕ ಇಲ್ಲಿ ಲೆಕ್ಕಕ್ಕಿಲ್ಲ. ವಾಟ್‌ಫರ್ಡ್‌ಗೆ 77, ಪ್ಯಾಲೇಸ್‌ಗೆ 72 ಇತ್ತು.

ವಾಟ್‌ಫರ್ಡ್‌ಗೂ ಲೆಸ್ಟರ್‌ಗೂ ನಡೆದ ಸೆಮಿಫೈನಲ್ ನೋಡಿದ್ದೀರಾ? ಕೊನೇ ಗಳಿಗೆಯಲ್ಲಿ ಲೆಸ್ಟರ್‌ಗೆ ಪೆನಾಲ್ಟಿ. ವಾಟ್‌ಫರ್ಡ್ ಗೋಲಿ ಆಲ್ಮುನಿಯಾ ಎರಡು ಸಲ ತಡೆದ. ಚೆಂಡು ಆ ಕಡೆ ಹೋಗಿದ್ದೇ ತಡ, ವಾಟ್‌ಫರ್ಡ್‌ನ ಡೀನಿ ಗೋಲು ಹೊಡೆದ! ಅಷ್ಟೆಲ್ಲಾ ಮಾಡಿ ಫೈನಲ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ, ಪ್ಯಾಲೇಸ್‌ನ ಕೆವಿನ್ ಫಿಲಿಪ್ಸ್ ಹೊಡೆದ ಪೆನಾಲ್ಟಿಗೆ ಸೋತರು. ನನಗಂತೂ ಪಾಪ ಅನ್ನಿಸಿತು.